ಬೇಸಿಗೆಯ ರೋಡ್ ಟ್ರಿಪ್‌ಗೆ ಯಾವ ಮರುಭೂಮಿ? ಡೆತ್ ವ್ಯಾಲಿ, ಜೋಶುವಾ ಟ್ರೀ, ಗ್ರೇಟ್ ಬೇಸಿನ್, ವೈಟ್ ಸ್ಯಾಂಡ್ಸ್

ಅಮೆರಿಕದಲ್ಲಿರುವ ಕನ್ನಡದ ಮನೆಗಳಲ್ಲಿ ಜೂನ್ ಬಂತೆಂದರೆ ಈ ಪ್ರಶ್ನೆ ಏಳುತ್ತದೆ. ಮಕ್ಕಳಿಗೆ ಶಾಲೆ ರಜೆ. ಊರಿನಿಂದ ಅಪ್ಪ ಅಮ್ಮ ಬಂದಿರುತ್ತಾರೆ. ಒಂದು ವಾರ ಕಾರಿನಲ್ಲಿ ಸುತ್ತೋಣ, ನಮ್ಮ ಕಡೆ ಇಲ್ಲದ್ದನ್ನು ತೋರಿಸೋಣ ಅಂತ ಆಸೆ. ಬೆಟ್ಟ, ಕಾಡು, ಜಲಪಾತ ನಮ್ಮ ಮಲೆನಾಡಿನಲ್ಲೇ ಬೇಕಾದಷ್ಟಿವೆ. ಮರುಭೂಮಿ ಮಾತ್ರ ಇಲ್ಲ. ಹಾಗಾಗಿ ಪಟ್ಟಿಯಲ್ಲಿ ಡೆತ್ ವ್ಯಾಲಿ ಬರುತ್ತದೆ, ಜೋಶುವಾ ಟ್ರೀ ಬರುತ್ತದೆ. ಆಮೇಲೆ ಯಾರೋ ಬಿಸಿಲಿನ ಮಾತೆತ್ತುತ್ತಾರೆ, ಚರ್ಚೆ ಅಲ್ಲಿಗೇ ನಿಲ್ಲುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ಮರುಭೂಮಿ ನೋಡಬಹುದು, ಚೆನ್ನಾಗಿಯೇ ನೋಡಬಹುದು. ಆದರೆ ಹೆಸರು ನೋಡಿ ಆರಿಸಬೇಡಿ. ದೂರವನ್ನೂ ಆಮೇಲೆ ಲೆಕ್ಕ ಹಾಕಿ. ಆ ಜಾಗ ಸಮುದ್ರ ಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಅನ್ನುವುದನ್ನು ಮೊದಲು ನೋಡಿ.

ಏನೇನು ನೋಡಬೇಕು

ಎತ್ತರ ಯಾಕೆ ಅಷ್ಟು ಮುಖ್ಯ? ಸಾವಿರ ಅಡಿ ಮೇಲೆ ಹೋದರೆ ಸುಮಾರು 2ರಿಂದ 3 ಡಿಗ್ರಿ ಸೆಲ್ಸಿಯಸ್ ತಂಪಾಗುತ್ತದೆ. ಡೆತ್ ವ್ಯಾಲಿಯ ಬ್ಯಾಡ್‌ವಾಟರ್ ಎಂಬ ಉಪ್ಪಿನ ಬಯಲು ಸಮುದ್ರ ಮಟ್ಟಕ್ಕಿಂತ 282 ಅಡಿ ಕೆಳಗಿದೆ. ಗ್ರೇಟ್ ಬೇಸಿನ್‌ನಲ್ಲಿ ಕಾರು ಹೋಗುವ ರಸ್ತೆಯೇ 10,000 ಅಡಿಗೆ ಏರುತ್ತದೆ. ಎರಡೂ ಮರುಭೂಮಿ ಸೀಮೆಯೇ. ಜುಲೈನ ಒಂದೇ ಮಧ್ಯಾಹ್ನ ಒಂದು ಕಡೆ 47 ಡಿಗ್ರಿ ಇದ್ದರೆ ಇನ್ನೊಂದು ಕಡೆ ಇಪ್ಪತ್ತರ ಆಸುಪಾಸು.

ಎರಡನೆಯದು, ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಎಲ್ಲಿರುತ್ತೀರಿ ಅನ್ನುವುದು. ಗುಹೆ ಇದೆಯೇ, ಬೆಟ್ಟ ಇದೆಯೇ, ಅಥವಾ ಹೋಟೆಲ್ ರೂಮೇ ಗತಿಯೇ? ಬೇಸಿಗೆಯ ಮರುಭೂಮಿ ಪ್ರವಾಸ ಗೆಲ್ಲುವುದೂ ಸೋಲುವುದೂ ಈ ಏಳು ಗಂಟೆಗಳಲ್ಲಿ.

ಮೂರನೆಯದು ಜೊತೆಗಿರುವವರು. ಮಂಡಿ ನೋವಿರುವ ಅಮ್ಮ, ಬಿಪಿ ಮಾತ್ರೆ ತಗೊಳ್ಳುವ ಅಪ್ಪ, ಐದು ವರ್ಷದ ಮಗು ಇದ್ದರೆ ಕಾರಿನಿಂದ ಹತ್ತು ಹೆಜ್ಜೆ ನಡೆದರೆ ಸಿಗುವ ನೋಟಗಳು ಎಷ್ಟು, ಹತ್ತಿರದ ಆಸ್ಪತ್ರೆ ಎಷ್ಟು ದೂರ ಅಂತ ನೋಡಲೇಬೇಕು. ಕೊನೆಗೆ ಖರ್ಚು. ಅದರಲ್ಲಿ ಈಗ ಒಂದು ಹೊಸ ತಿರುವಿದೆ, ಮುಂದೆ ಹೇಳುತ್ತೇನೆ.

ಡೆತ್ ವ್ಯಾಲಿ: ಎಲ್ಲರಿಗೂ ಇದೇ ಬೇಕು

ಈ ಆಸೆ ನನಗೆ ಅರ್ಥವಾಗುತ್ತದೆ. 1913ರ ಜುಲೈ 10ರಂದು ಇಲ್ಲಿನ ಫರ್ನೇಸ್ ಕ್ರೀಕ್‌ನಲ್ಲಿ 56.7 ಡಿಗ್ರಿ ದಾಖಲಾಯಿತು. ಅದರ ಬಗ್ಗೆ ತಜ್ಞರಲ್ಲಿ ತಕರಾರಿದ್ದರೂ ಜಗತ್ತಿನ ದಾಖಲೆಯಾಗಿ ಇವತ್ತಿಗೂ ಉಳಿದಿದೆ. ಥರ್ಮಾಮೀಟರ್ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲು ಬೇಸಿಗೆಯಲ್ಲೇ ಜನ ಬರುತ್ತಾರೆ. ಜಾಗವೂ ಅಷ್ಟೇ ದೊಡ್ಡದು. ಅಲಾಸ್ಕ ಬಿಟ್ಟರೆ ಅಮೆರಿಕದ ಮುಖ್ಯ ಭೂಭಾಗದಲ್ಲಿ ಇದಕ್ಕಿಂತ ವಿಶಾಲವಾದ ರಾಷ್ಟ್ರೀಯ ಉದ್ಯಾನ ಇಲ್ಲ. ಉಪ್ಪಿನ ಬಯಲು, ಮರಳ ದಿಬ್ಬ, ಬಣ್ಣದ ಬೆಟ್ಟ ಎಲ್ಲವೂ ಒಂದೇ ಕಡೆ ಸಿಗುತ್ತವೆ. ನಾಲ್ಕರಲ್ಲಿ ನೋಟಕ್ಕೆ ಇದೇ ಮೊದಲು, ಅದರಲ್ಲಿ ಅನುಮಾನ ಇಲ್ಲ.

ಬಿಸಿಲಿನ ಮಾತು ಬಂದಾಗ "ನಾವು ರಾಯಚೂರಿನವರು, ಬಿಸಿಲು ನಮಗೆ ಹೊಸದಾ?" ಅನ್ನುವವರಿದ್ದಾರೆ. ರಾಯಚೂರು, ಕಲಬುರಗಿಯಲ್ಲಿ ಮೇ ತಿಂಗಳ ಮಧ್ಯಾಹ್ನ ಜನ ಏನು ಮಾಡುತ್ತಾರೆ? ಬಾಗಿಲು ಮುಂದೆ ಮಾಡಿ ಮನೆಯೊಳಗೆ ಇರುತ್ತಾರೆ. ಅದು ಬಿಸಿಲು ಬಲ್ಲವರ ಬುದ್ಧಿ. ಪ್ರವಾಸಕ್ಕೆ ಬಂದವರು ಅದೇ ಹೊತ್ತಿಗೆ ಕಾರಿನಿಂದ ಇಳಿದು ನಡೆಯುತ್ತಾರೆ, ಇದೇ ವ್ಯತ್ಯಾಸ. ಇನ್ನೊಂದು ವಿಷಯ. ಇಲ್ಲಿನ ಗಾಳಿ ಎಷ್ಟು ಒಣ ಅಂದರೆ ಬೆವರು ಮೈಮೇಲೆ ಕಾಣುವ ಮೊದಲೇ ಆರಿಹೋಗುತ್ತದೆ. ಮೈಯಿಂದ ನೀರು ಹೋಗುತ್ತಿದೆ ಅನ್ನುವುದೇ ಗೊತ್ತಾಗುವುದಿಲ್ಲ. ರಾತ್ರಿಯೂ ಬಿಡುವಿಲ್ಲ, ಜುಲೈನಲ್ಲಿ ರಾತ್ರಿಯ ಕನಿಷ್ಠ ತಾಪಮಾನವೇ 30 ಡಿಗ್ರಿ ದಾಟಿರುತ್ತದೆ.

ನೆಲದ ಬಿಸಿ ಬೇರೆಯೇ. 1972ರ ಜುಲೈನಲ್ಲಿ ಫರ್ನೇಸ್ ಕ್ರೀಕ್‌ನ ನೆಲದ ಮೇಲೆ ಅಳೆದಾಗ ಸುಮಾರು 94 ಡಿಗ್ರಿ ಇತ್ತು. 2024ರ ಜುಲೈನಲ್ಲಿ ಮೆಸ್ಕೀಟ್ ಮರಳ ದಿಬ್ಬಗಳಲ್ಲಿ ಯೂರೋಪಿನ ಒಬ್ಬ ಪ್ರವಾಸಿಯ ಚಪ್ಪಲಿ ಕಳಚಿಹೋಯಿತು. ಬರಿಗಾಲಲ್ಲಿ ನಡೆದದ್ದಕ್ಕೆ ಪಾದದ ಚರ್ಮ ತೀವ್ರವಾಗಿ ಸುಟ್ಟುಹೋಯಿತು. ಹೆಲಿಕಾಪ್ಟರ್ ಕಣಿವೆಗೆ ಇಳಿಯಲಾಗಲಿಲ್ಲ. ಗಾಳಿ ತೀರಾ ಕಾದಾಗ ತೆಳುವಾಗುತ್ತದೆ, ರೆಕ್ಕೆಗೆ ಹಿಡಿತ ಸಿಗುವುದಿಲ್ಲ. ಸಹಾಯ ಬೇಕಾದ ಹೊತ್ತಿನಲ್ಲೇ ಸಹಾಯ ಬರುವುದು ಕಷ್ಟ ಅನ್ನುವ ಈ ಒಂದು ವಿಷಯವನ್ನು ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ರಸ್ತೆಯಲ್ಲಿ ಹೋದರೆ ಫರ್ನೇಸ್ ಕ್ರೀಕ್‌ನಿಂದ ಪಹ್ರಂಪ್ ಊರಿನ ಆಸ್ಪತ್ರೆಗೆ ಸುಮಾರು ಒಂದು ಗಂಟೆ.

ಹಾಗಾದರೆ ಹೋಗಲೇಬಾರದೇ? ಹೋಗಬಹುದು, ಅರ್ಧ ದಿನಕ್ಕೆ. ಲಾಸ್ ವೇಗಸ್‌ನಿಂದ ಎರಡು ಗಂಟೆ ಚಿಲ್ಲರೆ ದಾರಿ. ಸಂಜೆ ಡಾಂಟೆಸ್ ವ್ಯೂಗೆ ನೇರ ಹೋಗಿ. ಅದು 5,475 ಅಡಿ ಎತ್ತರದಲ್ಲಿದೆ, ಕಣಿವೆಗಿಂತ ಹತ್ತು ಡಿಗ್ರಿಯಷ್ಟು ತಂಪು, ಕಾರು ನಿಲ್ಲಿಸಿದಲ್ಲಿಂದಲೇ ಇಡೀ ಉಪ್ಪಿನ ಬಯಲು ಕಾಣುತ್ತದೆ. ಹಿರಿಯರಿಗೆ ಇದಕ್ಕಿಂತ ಒಳ್ಳೆಯ ನೋಟ ಈ ಉದ್ಯಾನದಲ್ಲಿ ಇಲ್ಲ. ರಾತ್ರಿ ಫರ್ನೇಸ್ ಕ್ರೀಕ್‌ನಲ್ಲಿ ಉಳಿದು, ಬೆಳಕು ಹರಿಯುವಾಗ ಝಬ್ರಿಸ್ಕಿ ಪಾಯಿಂಟ್, ಆಮೇಲೆ ಬ್ಯಾಡ್‌ವಾಟರ್, ಹಿಂತಿರುಗುವಾಗ ಕಾರಿನಲ್ಲೇ ಆರ್ಟಿಸ್ಟ್ಸ್ ಡ್ರೈವ್. 9 ಗಂಟೆಗೆ ಹೊರಟುಬಿಡಿ. 10ರ ನಂತರ ತಗ್ಗಿನ ಜಾಗಗಳಲ್ಲಿ ನಡೆಯಬೇಡಿ ಅಂತ ಉದ್ಯಾನದವರೇ ಹೇಳುತ್ತಾರೆ. ಅದು ಸುಮ್ನೆ ಹೇಳುವ ಮಾತಲ್ಲ.

ಗಟ್ಟಿ ಕಾಲಿನ ಯುವಕರಾದರೆ ಇನ್ನೊಂದು ದಾರಿ ಇದೆ. ಉದ್ಯಾನದ ಪಶ್ಚಿಮ ಅಂಚಿನ ಪ್ಯಾನಮಿಂಟ್ ಬೆಟ್ಟಸಾಲು. 6,800 ಅಡಿ ಎತ್ತರದಲ್ಲಿ, ಇದ್ದಿಲು ಸುಡಲು 1877ರಲ್ಲಿ ಕಟ್ಟಿದ ಹತ್ತು ಗೂಡುಗಳು ಒಂದೇ ಸಾಲಾಗಿ ನಿಂತಿವೆ. ಅಲ್ಲಿಂದ ಮೇಲೆ, ಟೆಲಿಸ್ಕೋಪ್ ಶಿಖರ 11,049 ಅಡಿ. ಬೇಸಿಗೆ ಈ ಚಾರಣಕ್ಕೆ ಸರಿಯಾದ ಕಾಲವೇ. ಆದರೆ ಕೊನೆಯ ಕಚ್ಚಾ ರಸ್ತೆಗೆ ನೆಲದಿಂದ ಎತ್ತರ ಇರುವ ಗಾಡಿ ಬೇಕು. ಬಾಡಿಗೆ ಕಾರಾದರೆ ಕಚ್ಚಾ ರಸ್ತೆಗೆ ಒಪ್ಪಿಗೆ ಇದೆಯೇ ಅಂತ ಕರಾರು ಓದಿಕೊಳ್ಳಿ.

ಕ್ರಿಸ್ಮಸ್ ರಜೆಯಲ್ಲಿ ಬರಲು ಸಾಧ್ಯ ಇರುವವರು ಡೆತ್ ವ್ಯಾಲಿಯನ್ನು ಆ ಹೊತ್ತಿಗೆ ಇಟ್ಟುಕೊಳ್ಳಿ. ಆಗ ಹಗಲು ಇಪ್ಪತ್ತು ಡಿಗ್ರಿಯ ಆಸುಪಾಸು ಇರುತ್ತದೆ, ಉಪ್ಪಿನ ಬಯಲಿನಲ್ಲಿ ಮನಸಾರೆ ನಡೆಯಬಹುದು.

ಜೋಶುವಾ ಟ್ರೀ: ಲಾಸ್ ಏಂಜಲೀಸ್‌ನವರ ವಾರಾಂತ್ಯಕ್ಕೆ

ಹತ್ತಿರ ಅನ್ನುವುದೇ ಇದರ ದೊಡ್ಡ ಗುಣ. ಲಾಸ್ ಏಂಜಲೀಸ್‌ನಿಂದ ಎರಡೂವರೆ ಗಂಟೆ. ಮೊಹಾವೆ ಮತ್ತು ಕೊಲೊರಾಡೊ ಎಂಬ ಎರಡು ಮರುಭೂಮಿಗಳು ಈ ಉದ್ಯಾನದಲ್ಲಿ ಸೇರುತ್ತವೆ. ಜೋಶುವಾ ಮರಗಳು, ಬಂಡೆಗಳು ಇರುವುದು ಎತ್ತರದ ಮೊಹಾವೆ ಭಾಗದಲ್ಲಿ. ಚೋಯಾ ಕಳ್ಳಿಯ ತೋಟ ತಗ್ಗಿನ ಕಡೆ, ಅಲ್ಲಿ ಸೆಕೆ ಜಾಸ್ತಿ. ದೊಡ್ಡ ದೊಡ್ಡ ಬಂಡೆಗಳ ಮಧ್ಯೆ ನಿಂತಾಗ ನಮ್ಮವರಿಗೆ ಹಂಪಿ ನೆನಪಾಗದೆ ಇರದು.

ಮೇಲಿನ ಭಾಗವೂ ಬೇಸಿಗೆಯ ಮಧ್ಯಾಹ್ನ 38 ಡಿಗ್ರಿ ಮುಟ್ಟುತ್ತದೆ. ಡೆತ್ ವ್ಯಾಲಿಯಷ್ಟಿಲ್ಲ ಅಂತ ಜನ ಮೈಮರೆಯುವುದು ಇಲ್ಲೇ. ಉದ್ಯಾನದ ನಡುಭಾಗದಲ್ಲಿ ಕುಡಿಯುವ ನೀರು ಸಿಗುವುದಿಲ್ಲ, ಅಂಚಿನ ಕೆಲವು ಕಡೆ ಮಾತ್ರ. ಫೋನ್ ಸಿಗ್ನಲ್ ಬಹುತೇಕ ಇಲ್ಲ. ಇನ್ನೊಂದು ವಿಷಯ ಮಕ್ಕಳಿರುವವರಿಗೆ: ಬೇಸಿಗೆಯಲ್ಲಿ ಜೇನುನೊಣಗಳು ನೀರಿನ ಪಸೆ ಹುಡುಕಿಕೊಂಡು ಕಾರಿನ ಎಸಿಯಿಂದ ತೊಟ್ಟಿಕ್ಕುವ ನೀರಿಗೂ ಬರುತ್ತವೆ. ಕಿಟಕಿ ತೆರೆದಿಡಬೇಡಿ.

10ರಿಂದ 5ರವರೆಗಿನ ಆ ಏಳು ಗಂಟೆ ಕಳೆಯಲು ಇಲ್ಲಿ ದಾರಿ ಉದ್ಯಾನದ ಹೊರಗಿದೆ. ಒಂದು ಗಂಟೆ ದೂರದ ಪಾಮ್ ಸ್ಪ್ರಿಂಗ್ಸ್‌ನಲ್ಲಿ ಕೇಬಲ್ ಕಾರು ಇದೆ. 2,643 ಅಡಿಯಿಂದ 8,516 ಅಡಿಗೆ ಹತ್ತಿಸುತ್ತದೆ. ಮೇಲೆ ಪೈನ್ ಕಾಡು, ತಂಪು ಗಾಳಿ, ಕುಳಿತು ತಿನ್ನಲು ಜಾಗ. ಅಜ್ಜ ಅಜ್ಜಿಗೂ ಮಕ್ಕಳಿಗೂ ಸಮಾನ ಖುಷಿ. ಬೆಳಿಗ್ಗೆ ಬೇಗ ಹಿಡನ್ ವ್ಯಾಲಿ, ಮಧ್ಯಾಹ್ನ ಕೇಬಲ್ ಕಾರು, ಸಂಜೆ ಕೀಸ್ ವ್ಯೂ, ಕತ್ತಲಾದ ಮೇಲೆ ನಕ್ಷತ್ರ ಅಂತ ಮಾಡಿಕೊಂಡರೆ ಎರಡು ದಿನ ಸಾರ್ಥಕ. ಕೇಬಲ್ ಕಾರು ಇಲ್ಲದೆ ಜೋಶುವಾ ಟ್ರೀ ಒಂದನ್ನೇ ನೋಡಲು ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಿಂದ ಜುಲೈನಲ್ಲಿ ಅಷ್ಟು ದೂರ ಬರುವುದನ್ನು ನಾನು ಒಪ್ಪುವುದಿಲ್ಲ.

ಗ್ರೇಟ್ ಬೇಸಿನ್: ಯಾರೂ ಕೇಳದ, ಆದರೆ ಬೇಸಿಗೆಗೆ ಹೇಳಿಮಾಡಿಸಿದ ಜಾಗ

ನೆವಾಡದ ಪೂರ್ವ ಅಂಚಿನಲ್ಲಿ, ಯೂಟಾ ಗಡಿಗೆ ಅಂಟಿಕೊಂಡಂತಿದೆ. ಉದ್ಯಾನವಾದದ್ದು 1986ರಲ್ಲಿ. ಜೋಶುವಾ ಟ್ರೀಗೆ ವರ್ಷಕ್ಕೆ 30 ಲಕ್ಷದ ಆಸುಪಾಸು ಜನ ಬಂದರೆ ಇಲ್ಲಿಗೆ ಬರುವವರು ಒಂದೂವರೆ ಲಕ್ಷದಷ್ಟು. ಪ್ರವೇಶ ಶುಲ್ಕ ಇಲ್ಲ.

ಇಲ್ಲಿ ಮರಳಿನ ದಿಬ್ಬ ಸಿಗುವುದಿಲ್ಲ, ಅದು ಮೊದಲೇ ಗೊತ್ತಿರಲಿ. ಗ್ರೇಟ್ ಬೇಸಿನ್ ಚಳಿಯ ಮರುಭೂಮಿ. ಕಣ್ಣು ಹಾಯುವಷ್ಟು ದೂರ ಬೂದು ಹಸಿರಿನ ಸೇಜ್ ಪೊದೆಗಳ ಬಯಲು, ನಡುವೆ ಒಮ್ಮೆಲೇ ಎದ್ದು ನಿಂತ 13,063 ಅಡಿಯ ವೀಲರ್ ಶಿಖರ. ಬುಡದ ಬೇಕರ್ ಊರು 5,300 ಅಡಿಯಲ್ಲಿದೆ. ಅಲ್ಲಿಂದ 12 ಮೈಲಿಯ ಡಾಂಬರು ರಸ್ತೆ ನಿಮ್ಮನ್ನು 10,000 ಅಡಿಗೆ ಮುಟ್ಟಿಸುತ್ತದೆ. ಕೆಳಗೆ ಒಣ ಬಯಲು, ಮೇಲೆ ಆಸ್ಪೆನ್ ಮರಗಳ ನೆರಳು. ಒಂದೇ ಗಂಟೆಯಲ್ಲಿ ಎರಡು ಋತು ದಾಟಿದ ಹಾಗಿರುತ್ತದೆ. ಈ ರಸ್ತೆ ಪೂರ್ತಿ ತೆರೆದಿರುವುದೇ ಸಾಮಾನ್ಯವಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ. ಬೇರೆ ಮರುಭೂಮಿಗಳಿಗೆ ಬೇಸಿಗೆ ಕೆಟ್ಟ ಕಾಲ, ಇದಕ್ಕೆ ಅದೇ ಒಳ್ಳೆಯ ಕಾಲ.

ಮೇಲೆ ಬ್ರಿಸಲ್‌ಕೋನ್ ಪೈನ್ ಮರಗಳಿವೆ. ಸುಮಾರು 3 ಮೈಲಿ ಹೋಗಿ ಬಂದರೆ ಸಾವಿರಾರು ವರ್ಷ ವಯಸ್ಸಿನ ಮರಗಳ ಮಧ್ಯೆ ನಿಂತಿರುತ್ತೀರಿ. ಇದೇ ಬೆಟ್ಟದಲ್ಲಿ 1964ರಲ್ಲಿ, ಉದ್ಯಾನವಾಗುವ ಮೊದಲು, ಸಂಶೋಧನೆಗೆಂದು ಒಂದು ಮರವನ್ನು ಅನುಮತಿ ಪಡೆದೇ ಕಡಿದರು. ಎಣಿಸಿದಾಗ 4,800ಕ್ಕೂ ಹೆಚ್ಚು ಉಂಗುರಗಳು ಸಿಕ್ಕವು. ಅದಕ್ಕೆ ಪ್ರೊಮಿಥಿಯಸ್ ಅಂತ ಹೆಸರಿತ್ತು. ಅದನ್ನು ನೆನೆದಾಗೆಲ್ಲ ನನಗೆ ಸಂಕಟವಾಗುತ್ತದೆ. ಉಳಿದ ಮರಗಳನ್ನು ಮುಟ್ಟದೆ ನೋಡಿ ಬನ್ನಿ.

ಮಧ್ಯಾಹ್ನಕ್ಕೆ ಲೀಮನ್ ಗುಹೆ. ಒಳಗೆ ವರ್ಷವಿಡೀ 10 ಡಿಗ್ರಿ. ರೇಂಜರ್ ಜೊತೆಗೇ ಹೋಗಬೇಕು, ಟಿಕೆಟ್ ಬೇಸಿಗೆಯಲ್ಲಿ ಬೇಗ ಮುಗಿದುಹೋಗುತ್ತದೆ. ಹೋಟೆಲ್‌ಗಿಂತ ಮೊದಲು ಗುಹೆಯ ಟಿಕೆಟ್ ಬುಕ್ ಮಾಡಿ. ರಾತ್ರಿಯ ಆಕಾಶ ಅಮೆರಿಕದ ಅತಿ ಕತ್ತಲ ಆಕಾಶಗಳಲ್ಲಿ ಒಂದು, ಹಾಲುಹಾದಿ ಬರಿಗಣ್ಣಿಗೆ ನಿಚ್ಚಳ.

ಕಷ್ಟಗಳೂ ಇವೆ. ದೂರ ಜಾಸ್ತಿ: ಲಾಸ್ ವೇಗಸ್‌ನಿಂದ ಐದು ಗಂಟೆ, ಸಾಲ್ಟ್ ಲೇಕ್ ಸಿಟಿಯಿಂದ ನಾಲ್ಕು. ಬೇಕರ್ ತೀರಾ ಚಿಕ್ಕ ಊರು, ರೂಮುಗಳು ಬೆರಳೆಣಿಕೆ. ಸಿಗದಿದ್ದರೆ ಒಂದು ಗಂಟೆ ದೂರದ ಈಲಿ ಊರಿನಲ್ಲಿ ಉಳಿಯಬೇಕು. ಸಸ್ಯಾಹಾರಿಗಳು ಅಡುಗೆಯ ವ್ಯವಸ್ಥೆ ಜೊತೆಗೇ ತರಬೇಕು. ಚಟ್ನಿಪುಡಿ, ಅವಲಕ್ಕಿ, ಎಂಟಿಆರ್ ಪೊಟ್ಟಣ, ಒಂದು ಕೆಟಲ್ ಇದ್ದರೆ ಸಾಕು. ಮುಖ್ಯವಾದದ್ದು ಎತ್ತರದ ತೊಂದರೆ. 10,000 ಅಡಿಯಲ್ಲಿ ಉಸಿರು ಕಟ್ಟುತ್ತದೆ. ಹೃದಯ ಅಥವಾ ಶ್ವಾಸಕೋಶದ ಸಮಸ್ಯೆ ಇರುವ ಹಿರಿಯರಿದ್ದರೆ ವೈದ್ಯರನ್ನು ಕೇಳಿಯೇ ಹೊರಡಿ. ಬುಡದಲ್ಲಿ ಮಲಗಿ, ಹಗಲು ಎರಡು ಮೂರು ಗಂಟೆ ಮಾತ್ರ ಮೇಲಿದ್ದು ಇಳಿಯುವುದು ಎಲ್ಲರಿಗೂ ಹಿತ. ಬಿಸಿಲಿನ ಅಪಾಯ ಬಿಟ್ಟು ಎತ್ತರದ ಆಯಾಸ ತಗೊಳ್ಳುತ್ತಿದ್ದೀರಿ. ಆಯಾಸಕ್ಕಾದರೆ ಕೆಳಗಿಳಿಯುವ ದಾರಿ ಇದೆ.

ವೇಗಸ್‌ನಿಂದ ಹೋಗುವಾಗ 93ನೇ ಹೆದ್ದಾರಿಯಲ್ಲಿ ಪನಾಕ ಬಳಿ ಕ್ಯಾಥೀಡ್ರಲ್ ಗಾರ್ಜ್ ಎಂಬ ರಾಜ್ಯ ಉದ್ಯಾನ ಸಿಗುತ್ತದೆ. ಜೇಡಿಮಣ್ಣು ಸವೆದು ಆದ ಗೋಪುರಗಳು, ನಡುವೆ ಮೈ ತೂರಿಸುವಷ್ಟೇ ಅಗಲದ ಸಂದುಗಳು. ಮಕ್ಕಳು ಅಲ್ಲಿಂದ ಹೊರಡಲು ಒಪ್ಪುವುದಿಲ್ಲ.

ವೈಟ್ ಸ್ಯಾಂಡ್ಸ್ ಮತ್ತು ಕಾರ್ಲ್ಸ್‌ಬ್ಯಾಡ್: ಟೆಕ್ಸಸ್‌ನವರಿಗೆ

ಡಾಲಸ್, ಆಸ್ಟಿನ್ ಕಡೆಯವರು ಕ್ಯಾಲಿಫೋರ್ನಿಯದವರ ಪಟ್ಟಿ ನಕಲು ಮಾಡಬೇಕಾಗಿಲ್ಲ. ನ್ಯೂ ಮೆಕ್ಸಿಕೋದಲ್ಲಿ ಚಿವಾವಾ ಮರುಭೂಮಿಯ ಎರಡು ಉದ್ಯಾನಗಳು ಮೂರು ಗಂಟೆ ಅಂತರದಲ್ಲಿವೆ.

ವೈಟ್ ಸ್ಯಾಂಡ್ಸ್‌ನ ಮರಳು ಜಿಪ್ಸಮ್. ಬೆಳ್ಳಗಿದೆ, ಬಿಸಿಲನ್ನು ಹೀರುವುದಿಲ್ಲ, ಹಾಗಾಗಿ ಬೇಸಿಗೆಯಲ್ಲೂ ಕಾಲಿಗೆ ತಣ್ಣಗಿರುತ್ತದೆ. ಮಕ್ಕಳು ಪ್ಲಾಸ್ಟಿಕ್ ತಟ್ಟೆಯ ಮೇಲೆ ಕುಳಿತು ದಿಬ್ಬ ಜಾರುತ್ತಾರೆ. ಆಟಕ್ಕೆ ಇದಕ್ಕೆ ಸಾಟಿ ಇಲ್ಲ. ಆದರೆ ಮರಳು ತಣ್ಣಗಿದ್ದರೂ ಗಾಳಿ 35 ಡಿಗ್ರಿ ದಾಟಿರುತ್ತದೆ, ನೆರಳು ಎಲ್ಲೂ ಇಲ್ಲ. 2015ರ ಆಗಸ್ಟ್‌ನಲ್ಲಿ ಆಲ್ಕಲಿ ಫ್ಲಾಟ್ ಹಾದಿಯಲ್ಲಿ ನಡೆದ ಫ್ರಾನ್ಸ್‌ನ ದಂಪತಿ ಬಿಸಿಲಿಗೆ ಸಿಕ್ಕಿ ತೀರಿಕೊಂಡರು, ಜೊತೆಗಿದ್ದ ಚಿಕ್ಕ ಮಗ ಬದುಕಿದ. ಬೇಸಿಗೆಯಲ್ಲಿ ಆ ಐದು ಮೈಲಿ ಹಾದಿಯ ಹತ್ತಿರ ಹೋಗಬೇಡಿ. ಬೆಳಿಗ್ಗೆ ಗೇಟು ತೆರೆದ ಕೂಡಲೇ ಅಥವಾ ಸೂರ್ಯ ಇಳಿಯುವ ಹೊತ್ತಿಗೆ ಕಾರಿನ ಪಕ್ಕದ ದಿಬ್ಬದಲ್ಲೇ ಆಡಿ. ಸುತ್ತಲೂ ಕ್ಷಿಪಣಿ ಪರೀಕ್ಷೆಯ ಸೇನಾ ಪ್ರದೇಶ ಇದೆ, ಪರೀಕ್ಷೆ ಇದ್ದಾಗ ರಸ್ತೆ ಕೆಲವು ಗಂಟೆ ಮುಚ್ಚುತ್ತಾರೆ. ಹಿಂದಿನ ದಿನ ವಿಚಾರಿಸಿ.

ಮಧ್ಯಾಹ್ನದ ಗಂಟೆಗಳನ್ನು ಕಾರ್ಲ್ಸ್‌ಬ್ಯಾಡ್ ಗುಹೆ ನೋಡಿಕೊಳ್ಳುತ್ತದೆ. ಒಳಗೆ 13 ಡಿಗ್ರಿ. ಲಿಫ್ಟ್ ಹತ್ತಿದರೆ 750 ಅಡಿ ಕೆಳಗಿನ ಬಿಗ್ ರೂಮ್‌ಗೆ ಇಳಿಯಬಹುದು, ಅದರ ಒಂದು ಭಾಗದಲ್ಲಿ ವೀಲ್‌ಚೇರ್ ಕೂಡ ಹೋಗುತ್ತದೆ. ಮಂಡಿ ನೋವಿನವರಿಗೆ ನಾಲ್ಕರಲ್ಲಿ ಇದೇ ಉತ್ತಮ. ಸಮಯ ಕಾಯ್ದಿರಿಸಬೇಕು. ಸಂಜೆ ಗುಹೆಯ ಬಾಯಿಯಿಂದ ಲಕ್ಷಗಟ್ಟಲೆ ಬಾವಲಿಗಳು ಸುರುಳಿ ಸುತ್ತುತ್ತಾ ಹೊರಡುತ್ತವೆ. ಆಗ ಫೋನು, ಕ್ಯಾಮೆರಾ ಬಳಸುವಂತಿಲ್ಲ. ಎರಡೂ ಉದ್ಯಾನಗಳ ನಡುವೆ 8,600 ಅಡಿಯ ಕ್ಲೌಡ್‌ಕ್ರಾಫ್ಟ್ ಎಂಬ ಬೆಟ್ಟದ ಊರು ಬರುತ್ತದೆ. ರಾತ್ರಿ ಅಲ್ಲಿ ಉಳಿದರೆ ಎಸಿ ಬೇಕಾಗುವುದಿಲ್ಲ.

ಅರಿಝೋನದಲ್ಲಿ 40ನೇ ಹೆದ್ದಾರಿಯಲ್ಲಿ ಹೋಗುವವರಿಗೆ ಪೆಟ್ರಿಫೈಡ್ ಫಾರೆಸ್ಟ್ ದಾರಿಯಲ್ಲೇ ಸಿಗುತ್ತದೆ. ಕಲ್ಲಾದ ಮರದ ದಿಮ್ಮಿಗಳು, ಬಣ್ಣದ ಗುಡ್ಡಗಳು, 28 ಮೈಲಿ ಕಾರಿನ ರಸ್ತೆ. ಅರ್ಧ ದಿನ ಸಾಕು. ಅದಕ್ಕೆಂದೇ ಪ್ರವಾಸ ಬೇಡ.

ಖರ್ಚು

ಡೆತ್ ವ್ಯಾಲಿ, ಜೋಶುವಾ ಟ್ರೀ ಕಾರಿಗೆ 30 ಡಾಲರ್, ವೈಟ್ ಸ್ಯಾಂಡ್ಸ್ 25, ಏಳು ದಿನ ನಡೆಯುತ್ತದೆ. ಕಾರ್ಲ್ಸ್‌ಬ್ಯಾಡ್ ದೊಡ್ಡವರಿಗೆ ತಲಾ 15. ವಾರ್ಷಿಕ ಪಾಸ್ 80 ಡಾಲರ್, ಮೂರು ಉದ್ಯಾನ ನೋಡಿದರೆ ಲಾಭ.

ಹೊಸ ತಿರುವು ಇದು. 2026ರ ಜನವರಿಯಿಂದ ಈ 80 ಡಾಲರ್ ಪಾಸ್ ಅಮೆರಿಕದಲ್ಲಿ ನೆಲೆಸಿರುವವರಿಗೆ ಮಾತ್ರ, ಹೊರದೇಶದಿಂದ ಬಂದವರಿಗೆ 250. ಜೊತೆಗೆ ಜನ ಮುಗಿಬೀಳುವ 11 ಉದ್ಯಾನಗಳಲ್ಲಿ ಪಾಸ್ ಇಲ್ಲದ ಹೊರದೇಶದವರಿಗೆ ತಲಾ 100 ಡಾಲರ್ ಹೆಚ್ಚುವರಿ. ಯೊಸೆಮಿಟಿ, ಝಯಾನ್, ಬ್ರೈಸ್, ಗ್ರ್ಯಾಂಡ್ ಕ್ಯಾನ್ಯನ್ ಆ ಪಟ್ಟಿಯಲ್ಲಿವೆ. ನಾನಿಲ್ಲಿ ತೂಗಿದ ಮರುಭೂಮಿಗಳು ಅದರಲ್ಲಿಲ್ಲ. ಊರಿನಿಂದ ಬಂದ ಅಪ್ಪ ಅಮ್ಮನ ಜೊತೆ ಬೇ ಏರಿಯಾದಿಂದ ಯೊಸೆಮಿಟಿ ಮೂಲಕ ಮರುಭೂಮಿಗೆ ಹೋಗುವ ಯೋಚನೆ ಇದ್ದರೆ ಈ ಲೆಕ್ಕ ಮೊದಲೇ ಹಾಕಿ.

ಉಳಿದ ಹಣ ರೂಮಿಗೆ ಹಾಕಿ. ಜುಲೈನಲ್ಲಿ ತಗ್ಗಿನ ಮರುಭೂಮಿಯಲ್ಲಿ ಟೆಂಟ್ ಹಾಕುವುದು ಉಳಿತಾಯ ಅಲ್ಲ. ಗ್ರೇಟ್ ಬೇಸಿನ್ ಬೆಟ್ಟದ ಮೇಲಾದರೆ ಟೆಂಟ್ ಚೆನ್ನ, ರಾತ್ರಿಗೆ ಸ್ವೆಟರ್ ಬೇಕು.

ಎಲ್ಲಿಗೇ ಹೋದರೂ

ತಲೆಗೆ ದಿನಕ್ಕೆ ನಾಲ್ಕು ಲೀಟರ್ ನೀರು ಕಾರಿನಲ್ಲಿರಲಿ. ಬರೀ ನೀರು ಸಾಲದು, ಉಪ್ಪೂ ಹೋಗಬೇಕು. ಉಪ್ಪು ಹಾಕಿದ ನಿಂಬೆ ಪಾನಕ, ಖಾರದ ಕಡಲೆ, ಓಆರ್‌ಎಸ್ ಒಳ್ಳೆಯದು. ಮೊಸರನ್ನ ಐಸ್ ಪೆಟ್ಟಿಗೆಯಲ್ಲಿದ್ದರೆ ಮಾತ್ರ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತಗೊಳ್ಳುವವರಿಗೆ ನೀರಿನ ಕೊರತೆ ಬೇಗ ಆಗುತ್ತದೆ. ಇನ್ಸುಲಿನ್ ಕಾರಿನಲ್ಲಿ ಬಿಡಬೇಡಿ. ಅಪ್ಪ ಅಮ್ಮನ ಪ್ರವಾಸಿ ವಿಮೆಯ ಕಾಗದ ಕೈಗೆ ಸಿಗುವಂತಿರಲಿ. ನಕ್ಷೆ ಫೋನಿಗೆ ಮೊದಲೇ ಇಳಿಸಿಕೊಳ್ಳಿ. ಕಾರು ಕೆಟ್ಟರೆ ಕಾರನ್ನು ಬಿಟ್ಟು ನಡೆಯಬೇಡಿ.

ಜುಲೈ, ಆಗಸ್ಟ್‌ನಲ್ಲಿ ಮಳೆಯನ್ನೂ ನೋಡಬೇಕು. 2022ರ ಆಗಸ್ಟ್ 5ರಂದು ಡೆತ್ ವ್ಯಾಲಿಯಲ್ಲಿ ಸುಮಾರು 37 ಮಿಲಿಮೀಟರ್ ಬಿತ್ತು. ನಮಗೆ ಅದು ಒಂದು ಸಂಜೆಯ ಮಳೆ. ಅಲ್ಲಿ ಅದು ವರ್ಷದ ಮಳೆಯ ಮುಕ್ಕಾಲು ಪಾಲು. ರಸ್ತೆಗಳು ಮುಚ್ಚಿ ಸುಮಾರು ಸಾವಿರ ಜನ ಒಳಗೇ ಸಿಕ್ಕಿಕೊಂಡರು. 2023ರ ಆಗಸ್ಟ್‌ನ ಮಳೆಗೆ ಉದ್ಯಾನ ಎರಡು ತಿಂಗಳ ಹತ್ತಿರ ಮುಚ್ಚಿತ್ತು. ಬುಕಿಂಗ್ ಮಾಡುವಾಗ ರದ್ದು ಮಾಡಲು ಬರುವ ರೂಮನ್ನೇ ಹಿಡಿಯಿರಿ. ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ ದಾಟಬೇಡಿ.

ಡೆತ್ ವ್ಯಾಲಿ ಮತ್ತು ಗ್ರೇಟ್ ಬೇಸಿನ್ ನಡುವೆ ಇನ್ನೂ ತೂಗಾಡುತ್ತಿದ್ದರೆ, ಲಾಸ್ ವೇಗಸ್‌ಗೆ ಬಂದ ಮೊದಲ ಸಂಜೆ ಡಾಂಟೆಸ್ ವ್ಯೂ ನೋಡಿ ವಾಪಸ್ ಬನ್ನಿ. ಮರುದಿನ ನಿದ್ದೆ ಮುಗಿಸಿ 93ನೇ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋಗಿ, ಎರಡು ರಾತ್ರಿ ಬೇಕರ್‌ನಲ್ಲಿ ಉಳಿಯಿರಿ. ಆ ಮೂರು ನಾಲ್ಕು ದಿನಕ್ಕೆ ಪ್ರವೇಶ ಶುಲ್ಕ 30 ಡಾಲರ್, ಗುಹೆಯ ಟಿಕೆಟ್ ಬೇರೆ.